ಐದನೇ ಡೈವ್‌ಗೇ 27 ಮೀಟರ್ ಇಳಿದೆ, ಹೊಸಬರು ದಯವಿಟ್ಟು ಓದಿ

ಸ್ಕೂಬಾ ಕಾರ್ಡ್ ಕೈಗೆ ಬಂದು ಮೂರು ತಿಂಗಳಾಗಿತ್ತು. ಕೋರ್ಸಿನಲ್ಲಿ ಮಾಡಿದ ನಾಲ್ಕು ಡೈವ್ ಬಿಟ್ಟರೆ ಬೇರೆ ಅನುಭವ ಇರಲಿಲ್ಲ. ಓಪನ್ ವಾಟರ್ ಅಂದರೆ ಮೊದಲ ಹಂತದ ಕಾರ್ಡ್ ಇದ್ದವರಿಗೆ 18 ಮೀಟರ್ ಮಿತಿ ಅನ್ನೋದು ನನಗೆ ಬಾಯಿಪಾಠ. ಆದರೂ ಹೋದೆ.

ದೋಣಿಯಲ್ಲಿ ಗೈಡ್ ಕೇಳಿದ್ದು ಒಂದೇ ಮಾತು, "ಕಾರ್ಡ್ ಇದೆ ಅಲ್ವಾ?" ಇದೆ ಅಂದೆ. ಎಷ್ಟು ಡೈವ್ ಆಗಿದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಜೊತೆಗಿದ್ದವರೆಲ್ಲ ಹಳಬರು. ಅವರ ಮುಂದೆ "ಇದು ನನಗೆ ಐದನೇದು" ಅನ್ನೋಕೆ ನಾಚಿಕೆ ಆಯಿತು. ತಪ್ಪು ಶುರುವಾಗಿದ್ದೇ ಅಲ್ಲಿ.

ನೀರಿನಲ್ಲಿ ಮುಳುಗಲು ಮೈಗೆ ಸೀಸದ ತೂಕ ಕಟ್ಟಿಕೊಳ್ಳುತ್ತೇವೆ, ಕೋರ್ಸಿನಲ್ಲಿ ನನಗೆ 6 ಕಿಲೋ ಸಾಕಾಗಿತ್ತು. ಇಲ್ಲಿ ಕಣ್ಣಂದಾಜಿಗೆ 9 ಕಿಲೋ ಕಟ್ಟಿದರು. ನೀರಿಗೆ ಬಿದ್ದವಳು ಕಲ್ಲಿನ ಹಾಗೆ ಇಳಿದೆ. ಕಿವಿಯ ಒತ್ತಡ ಸರಿ ಮಾಡಿಕೊಳ್ಳೋಕೂ ಪುರುಸೊತ್ತಿಲ್ಲ. ತೇಲಲು ತೊಡುವ ಜಾಕೆಟ್‌ಗೆ ಗಾಳಿ ತುಂಬಿದರೆ ಮೇಲೇಳುತ್ತಿದ್ದೆ, ಬಿಟ್ಟರೆ ಮುಳುಗುತ್ತಿದ್ದೆ. ಗಾಬರಿಗೆ ಉಸಿರಾಟ ಜೋರಾಯಿತು.

10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು, 30 ಮೀಟರಿನಲ್ಲಿ ನಾಲ್ಕು ಪಟ್ಟು. ಒಂದೊಂದು ಉಸಿರಿಗೂ ಅಷ್ಟೇ ಪಟ್ಟು ಗಾಳಿ ಖರ್ಚಾಗುತ್ತದೆ. ಪುಸ್ತಕದಲ್ಲಿ ಓದಿದ್ದೆ, ಅಂದು ಕಣ್ಣಾರೆ ಕಂಡೆ. 14ನೇ ನಿಮಿಷಕ್ಕೆ ಸಿಲಿಂಡರಿನ ಗಾಳಿಯ ಒತ್ತಡ ತೋರಿಸುವ ಗೇಜ್ ನೋಡಿದರೆ 200 ಬಾರ್ ಇದ್ದದ್ದು 70ಕ್ಕೆ ಬಂದಿದೆ. ಗಾಜಿಗೆ ಏನೋ ಅಂಟಿರಬೇಕು ಅಂತ ಹೆಬ್ಬೆರಳಿನಲ್ಲಿ ಎರಡು ಸಲ ಉಜ್ಜಿದೆ. ಮುಳ್ಳು ಅಲ್ಲೇ ಇತ್ತು.

ಗೈಡ್ ತುಂಬಾ ಮುಂದೆ ಹೋಗಿದ್ದರು. ನನ್ನ ಜೋಡಿ ಅಂತ ಗೊತ್ತು ಮಾಡಿದ್ದವರು ಕ್ಯಾಮೆರಾದಲ್ಲಿ ಮುಳುಗಿದ್ದರು. ತಡೆಯಲಾಗದೆ ಜಾಕೆಟ್‌ಗೆ ಗಾಳಿ ತುಂಬಿಬಿಟ್ಟೆ. ಮೇಲೆ ಹೋದಷ್ಟೂ ಆ ಗಾಳಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ವೇಗ ಜಾಸ್ತಿ. ನಿಮಿಷಕ್ಕೆ 9 ಮೀಟರ್ ದಾಟಬಾರದು ಅಂತ ಕಲಿತಿದ್ದೆಲ್ಲ ಮರೆತೇಹೋಯಿತು. ಹಿಂದಿದ್ದ ಒಬ್ಬರು ನನ್ನ ಜಾಕೆಟ್ ಹಿಡಿದೆಳೆದು ಗಾಳಿ ಬಿಡಿಸಿದರು. ತಮ್ಮ ಬಳಿಯಿದ್ದ ಎರಡನೇ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡಲು ಬಾಯಿಗಿಟ್ಟುಕೊಳ್ಳುವ ಸಾಧನ) ನನ್ನ ಬಾಯಿಗೆ ಕೊಟ್ಟರು. 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಿಸಿ ಮೇಲೆ ತಂದರು. ಉಸಿರು ಬಿಗಿಹಿಡಿದು ಹಾಗೇ ಮೇಲೆ ನುಗ್ಗಿದ್ದರೆ ಶ್ವಾಸಕೋಶ ಹರಿಯಬಹುದಿತ್ತು. ಅವರ ಹೆಸರು ಕೇಳೋಕೂ ಆಗದಷ್ಟು ನಡುಗುತ್ತಿದ್ದೆ. ಇವತ್ತಿಗೂ ಆ ಕೊರಗು ಇದೆ.

ಗೈಡ್ ಮಾಡಿದ್ದು ದೊಡ್ಡ ತಪ್ಪೇ. ಆದರೆ ಕೆಳಗೆ ಉಸಿರಾಡುವವರು ನಾವು. ಆಮೇಲಿನ ಹತ್ತು ಡೈವ್ ಒಂದೇ ಜಾಗದಲ್ಲಿ, 12 ಮೀಟರ್ ಒಳಗೇ ಮಾಡಿದೆ. ಪ್ರತಿ ಸಲ ಕೊನೆಗೆ, ಸಿಲಿಂಡರಿನಲ್ಲಿ 50 ಬಾರ್ ಇದ್ದಾಗ, ಸೀಸದ ತೂಕ ಸರಿಯಿದೆಯಾ ಅಂತ ನೋಡಿಕೊಂಡೆ. ಜಾಕೆಟ್ ಖಾಲಿ ಮಾಡಿ ಸಾಮಾನ್ಯ ಉಸಿರು ಹಿಡಿದು ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಇಳಿಯಬೇಕು. ನನಗೆ 5 ಕಿಲೋನೇ ಸಾಕಿತ್ತು!

ಕಾರ್ಡ್ ಹೊಸದಾಗಿದ್ದರೆ ದೋಣಿ ಹತ್ತುವ ಮೊದಲೇ ಹೇಳಿಬಿಡಿ, ಎಷ್ಟು ಡೈವ್ ಆಗಿದೆ, ಎಷ್ಟು ಆಳ ಬೇಡ ಅಂತ. ಯಾವ ಕ್ಷಣದಲ್ಲಾದರೂ, ಕಾರಣ ಕೊಡದೆ, ಡೈವ್ ಬೇಡ ಅನ್ನುವ ಹಕ್ಕು ಪ್ರತಿಯೊಬ್ಬ ಡೈವರ್‌ಗೂ ಇದೆ. ಅದನ್ನು ಕೇಳಿ ಮುಖ ಸಿಂಡರಿಸುವ ಗೈಡ್ ಜೊತೆ ನೀರಿಗೆ ಇಳಿಯಬೇಡಿ. ಕಟ್ಟಿದ ದುಡ್ಡು ಹೋದರೆ ಹೋಗಲಿ.