ಲ್ಯಾಟಿನೋ ವಿದ್ಯಾರ್ಥಿಗಳಿಗೆ ಎಎಸ್‌ಎಪಿಯೋ, ಪುಯೆಂಟೆಯೋ?

ವಿದ್ಯಾರ್ಥಿಗಳು ಕಾಲೇಜು ಅರ್ಧಕ್ಕೆ ಬಿಡದಂತೆ ನೋಡಿಕೊಳ್ಳುವ ಎರಡು ಅಮೆರಿಕನ್ ಕಾರ್ಯಕ್ರಮ ಇವು; ನಿಮ್ಮ ಕಾಲೇಜಿನ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳಿಗೆ ಯಾವುದು ಸರಿ? ಮೊದಲು ದುಡ್ಡಿನ ಮಾತು. ನ್ಯೂಯಾರ್ಕ್‌ನ ಕ್ಯೂನಿ (ನಗರದ ಸಾರ್ವಜನಿಕ ವಿಶ್ವವಿದ್ಯಾಲಯ) 2007ರಲ್ಲಿ ಶುರು ಮಾಡಿದ ಎಎಸ್‌ಎಪಿಗೆ ಖರ್ಚು ಜಾಸ್ತಿ: ಫೀಸಿನ ಕೊರತೆ ತುಂಬಬೇಕು, ಪುಸ್ತಕಕ್ಕೆ ನೆರವು, ಬಸ್ಸು-ಸಬ್‌ವೇಗೆ ಕಾರ್ಡು, ಮೇಲೆ ಮತ್ತೆ ಮತ್ತೆ ಕರೆದು ಮಾತಾಡಿಸುವ ಸಲಹೆಗಾರರು. ಆದರೆ ಫಲ ನೋಡಿ. ಒಂದು ಅಧ್ಯಯನದಲ್ಲಿ ಇದಕ್ಕೆ ಸೇರಿದವರಲ್ಲಿ ಶೇ. 40 ಮಂದಿ 2 ವರ್ಷದ ‘ಅಸೋಸಿಯೇಟ್’ ಪದವಿಯನ್ನು 3 ವರ್ಷದೊಳಗೆ ಮುಗಿಸಿದರು, ಸೇರದವರಲ್ಲಿ ಶೇ. 22. ಒಂದೇ ತೊಡಕು, ಇದರಲ್ಲಿ ಪೂರ್ಣಾವಧಿ ಓದಲೇಬೇಕು; ಮನೆ ನಡೆಸಲು ದುಡಿಯುವ ಹುಡುಗಿಗೆ ಅದೇ ಕಷ್ಟ, ಅಲ್ವಾ?

ಕ್ಯಾಲಿಫೋರ್ನಿಯಾದ ಪುಯೆಂಟೆ 1981ರದ್ದು. ಇಂಗ್ಲಿಷ್ ತರಗತಿ, ಲ್ಯಾಟಿನೋ ಲೇಖಕರ ಓದು, ಕೌನ್ಸೆಲರ್, ಮೆಂಟರ್. ಅಜ್ಜಿ ಸ್ಪ್ಯಾನಿಷ್‌ನಲ್ಲಿ ಹೇಳಿದ ಕಥೆಯನ್ನೂ ತರಗತಿಯಲ್ಲಿ ಬರೆಯಬಹುದು ಅಂತ ಗೊತ್ತಾದರೆ ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ.

ನಿಮ್ಮಲ್ಲಿ ಫೀಸು, ಬಸ್ಸಿನ ಖರ್ಚಿಗೆ ಸೋತು ಬಿಡುವವರು ಜಾಸ್ತಿಯೇ? ಎಎಸ್‌ಎಪಿ ದಾರಿ ಹಿಡಿಯಿರಿ. ಮನೆಯಲ್ಲಿ ಮೊದಲಿಗರಾಗಿ ಕಾಲೇಜಿಗೆ ಬಂದವರು ‘ಇದು ನಮ್ಮ ಜಾಗ ಅಲ್ಲ’ ಅಂತ ಹೊರಡುತ್ತಿದ್ದರೆ ಪುಯೆಂಟೆ.