"ನೀವು ಅವಾರ್ಡಿಗೆ ನಾಮಿನೇಟ್ ಆಗಿದೀರ ಸಾರ್" ಅಂತ ಫೋನ್ ಬಂದ್ರೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಸಣ್ಣಪುಟ್ಟ ಬಿಸಿನೆಸ್ ಮಾಡೋರು, ಕ್ಲಿನಿಕ್ ಇಟ್ಟಿರೋರು, ಟ್ಯೂಷನ್ ಸೆಂಟರ್, ಪಾರ್ಲರ್ ನಡೆಸೋರು ಎಲ್ರೂ ಸ್ವಲ್ಪ ಓದಿ, ಯಾಕಂದ್ರೆ ಈ ಫೋನ್ ಇವತ್ತಲ್ಲ ನಾಳೆ ನಿಮಗೂ ಬರುತ್ತೆ. "ಕಂಗ್ರಾಟ್ಸ್ ಸಾರ್, ನಮ್ಮ ರಿಸರ್ಚ್ ಟೀಮ್ ನಿಮ್ಮ ಬ್ರಾಂಡನ್ನ ಶಾರ್ಟ್‌ಲಿಸ್ಟ್ ಮಾಡಿದೆ, ಬೆಂಗಳೂರಲ್ಲಿ ಫೈವ್ ಸ್ಟಾರ್ ಹೋಟೆಲಲ್ಲಿ ಫಂಕ್ಷನ್, ಸಿನಿಮಾ ಹೀರೋಯಿನ್ ಕೈಯಿಂದ ಟ್ರೋಫಿ."

ನಮ್ದು ತಿಪಟೂರು ಕಡೆ ಕೊಬ್ಬರಿ ಎಣ್ಣೆ ಗಾಣ, ನಾನೂ ನಮ್ಮ ಭಾವನೂ ಪಾರ್ಟ್ನರ್ಸು. ನಮಗೆ ಈ ಫೋನ್ ಬಂದಾಗ ಕೊಬ್ಬರಿ ರೇಟು ಆಕಾಶಕ್ಕೆ ಹೋಗಿತ್ತು, ಮಾರ್ಜಿನ್ ಅನ್ನೋದೇ ಉಳಿದಿರ್ಲಿಲ್ಲ, ಹೆಂಗಾದ್ರೂ ಮಾಡಿ ಬೆಂಗಳೂರಿನ ಸೂಪರ್‌ಮಾರ್ಕೆಟ್‌ಗೆ ಮಾಲು ಹಾಕ್ಬೇಕು ಅಂತ ಒದ್ದಾಡ್ತಿದ್ವಿ, ಬಾಟ್ಲಿ ಮೇಲೆ ಒಂದು ಅವಾರ್ಡ್ ಲೋಗೋ ಇದ್ರೆ ಪರ್ಚೇಸ್‌ನೋರು ಕೂರಿಸಿ ಮಾತಾಡ್ತಾರೆ ಅನ್ನೋದು ಭಾವನ ಲೆಕ್ಕ. ನಾನು ಕೇಳಿದ್ದು ಒಂದೇ, ರಿಸರ್ಚ್ ಟೀಮ್ ಅಂತೀರಲ್ಲ, ನಮ್ಮ ಎಣ್ಣೆ ಯಾವಾಗ ತಗೊಂಡ್ ಟೆಸ್ಟ್ ಮಾಡಿದ್ರಿ ಅಂತ. ಅದಕ್ಕೆ ಫೋನ್ ಮಾಡಿದ್ದ ಹುಡುಗಿ "ಆನ್‌ಲೈನ್ ಪ್ರೆಸೆನ್ಸ್ ನೋಡಿ ಜ್ಯೂರಿ ಡಿಸೈಡ್ ಮಾಡಿದಾರೆ ಸಾರ್" ಅಂದ್ಲು. ನಮ್ಮ ಆನ್‌ಲೈನ್ ಪ್ರೆಸೆನ್ಸ್ ಅಂದ್ರೆ ಗೂಗಲ್ ಮ್ಯಾಪಲ್ಲಿ ಒಂದು ಪಿನ್ನು, ಅದೂ ಪಕ್ಕದ ರೈಸ್ ಮಿಲ್ ಮೇಲೆ ಕೂತಿದೆ!

ಅವಾರ್ಡಿಗೆ ಮೊದಲು ಹೇಳಿದ್ದು ಒಂದೂಕಾಲು ಲಕ್ಷ, ಜೊತೆಗೆ 18% ಜಿಎಸ್‌ಟಿ. ಜಾಸ್ತಿ ಆಯ್ತು ಅಂದಿದ್ದಕ್ಕೆ ಎಂಬತ್ತಕ್ಕೆ ಇಳಿದ್ರು, ಭಾವ ಚೌಕಾಸಿ ಬಿಡೋನಲ್ಲ, ಕೊನೆಗೆ ಅರವತ್ತು ಸಾವಿರಕ್ಕೆ ಬಂದು ನಿಂತ್ರು. ಜ್ಯೂರಿ ಕೂತು ಆರಿಸಿದ ಪ್ರಶಸ್ತೀಲಿ ಅರ್ಧಕ್ಕರ್ಧ ಡಿಸ್ಕೌಂಟ್ ಹೆಂಗ್ ಬರುತ್ತೆ ಅಂತ ನಾನು ಅಂದೆ, ಕೇಳಿಸ್ಕೊಳ್ಳೋ ಮೂಡಲ್ಲಿ ಅವನಿರ್ಲಿಲ್ಲ, ಸಂಜೆಯೊಳಗೆ ಕಟ್ಟಾಯ್ತು.

ಫಂಕ್ಷನ್ ದಿನ ಹೋಟೆಲಲ್ಲಿ ಕೈಗೆ ಒಂದು ಟೋಕನ್ ಕೊಟ್ರು, ಥೇಟ್ ಬ್ಯಾಂಕಲ್ಲಿ ಕೊಡೋ ಥರ. ಸ್ಟೇಜ್ ಹಿಂದೆ ಲೈನು. ನಮ್ಮ ಮುಂದೆ ನಿಂತಿದ್ದ ಡೆಂಟಿಸ್ಟಿಗೆ "ಬೆಸ್ಟ್ ಡೆಂಟಲ್ ಕ್ಲಿನಿಕ್ ಇನ್ ವಿಜಯನಗರ", ಅವರ ಮುಂದಿನವರಿಗೆ "ಮೋಸ್ಟ್ ಟ್ರಸ್ಟೆಡ್ ಡೆಂಟಲ್ ಕ್ಲಿನಿಕ್ ಇನ್ ವಿಜಯನಗರ", ಇಬ್ರೂ ಒಬ್ರ ಮುಖ ಒಬ್ರು ನೋಡ್ಕೊಂಡ್ ನಿಂತಿದ್ರು ಪಾಪ. ಯಾರೂ ಸೋಲೋ ಹಂಗೇ ಇಲ್ಲ, ದುಡ್ಡು ಕಟ್ಟಿದ ಅಷ್ಟೂ ಜನಕ್ಕೂ ಒಂದೊಂದು ಕೆಟಗರಿ ಹೊಲಿದು ಇಟ್ಟಿದಾರೆ. ಹೀರೋಯಿನ್ ಬಂದಿದ್ದು ನಿಜ, ಆದ್ರೆ ಆಯಮ್ಮ ಸ್ವಲ್ಪ ಹೊತ್ತಿಗೇ ಹೊರಟೋದ್ರು, ಜಾಸ್ತಿ ಪ್ಯಾಕೇಜ್ ತಗೊಂಡೋರನ್ನ ಮಾತ್ರ ಮೊದಲು ಕರೆದಿದ್ರು, ನಮ್ಮಂಥ ಅರವತ್ತು ಸಾವಿರದ ಗಿರಾಕಿಗಳಿಗೆ ಯಾರೋ ಕೋಟು ಹಾಕ್ಕೊಂಡಿದ್ದೋರು ಕೊಟ್ರು, ಅವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಸ್ಟೇಜ್ ಹತ್ತಿ, ಫೋಟೋಗೆ ನಗು ಮಾಡಿ, ಆ ಕಡೆಯಿಂದ ಇಳಿಯೋದು ಅಷ್ಟೇ. ಫೋಟೋ ಬೇಕಂದ್ರೆ ಬೇರೆ ದುಡ್ಡು, ವಿಡಿಯೋಗೆ ಬೇರೆ, ಮ್ಯಾಗಜೀನಲ್ಲಿ ಫುಲ್ ಪೇಜ್‌ಗೆ ಬೇರೆ. ಟ್ರೋಫಿ ಅಕ್ರಿಲಿಕ್ಕು, ಹೆಸರು ಸ್ಟಿಕ್ಕರ್ ಮೇಲೆ, ಅದ್ರಲ್ಲಿ ತಿಪಟೂರು ಸ್ಪೆಲ್ಲಿಂಗೇ ತಪ್ಪು.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ. ದುಡ್ಡು ವಾಪಸ್ ಕೇಳಿ ಗ್ರಾಹಕರ ಆಯೋಗಕ್ಕೆ ಹೋಗೋಣ ಅಂತ ಇನ್‌ವಾಯ್ಸ್ ತೆಗೆದು ನಮ್ಮ ಆಡಿಟರ್‌ಗೆ ತೋರಿಸಿದ್ವಿ. ಅದ್ರಲ್ಲಿ ಅವಾರ್ಡ್ ಅನ್ನೋ ಪದವೇ ಇಲ್ಲ. "ಬ್ರಾಂಡ್ ಪ್ರಮೋಷನ್ ಪ್ಯಾಕೇಜ್" ಅಂತಿದೆ. ಅಂದ್ರೆ ಕಾಗದದ ಮೇಲೆ ಅವರು ನಮಗೆ ಮಾರಿದ್ದು ಪ್ರಚಾರ, ಅದನ್ನ ಮಾಡಿಕೊಟ್ಟಿದಾರೆ, ಟ್ರೋಫಿ ಫ್ರೀ ಗಿಫ್ಟು. ಕೇಸ್ ಹಾಕಿದ್ರೂ ನಿಲ್ಲೋದು ಕಷ್ಟ ಅಂದ್ರು ಆಡಿಟರ್.

ಮತ್ತೆ ಆ ಲೋಗೋ ಲೇಬಲ್ ಮೇಲೆ ಹಾಕೋಕೆ ಹೊರಟಾಗ ಆಡಿಟರೇ ತಡೆದಿದ್ದು. ಆಧಾರ ಇಲ್ದೆ "ನಂಬರ್ ಒನ್" "ಬೆಸ್ಟ್" ಅಂತ ಜಾಹೀರಾತು ಮಾಡಿದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ 10 ಲಕ್ಷದವರೆಗೂ ದಂಡ ಹಾಕಬಹುದು, ಅದು ಬೀಳೋದು ನಮ್ಮ ತಲೆ ಮೇಲೆ, ಅವಾರ್ಡ್ ಕೊಟ್ಟೋರ ತಲೆ ಮೇಲಲ್ಲ.

ಫೀ ಇದ್ದ ಮಾತ್ರಕ್ಕೆ ಮೋಸ ಅಂತ ನಾನು ಹೇಳಲ್ಲ. ಗುಣಮಟ್ಟಕ್ಕೆ ಕೊಡೋ ಜಪಾನಿನ ಡೆಮಿಂಗ್ ಪ್ರಶಸ್ತಿಗೆ ಅರ್ಜಿ ಹಾಕೋ ಕಂಪನಿಗಳೂ ಪರೀಕ್ಷೆ ಖರ್ಚು ಕಟ್ಟಬೇಕು, ಆದ್ರೆ ಅಲ್ಲಿ ಪರೀಕ್ಷಕರು ಫ್ಯಾಕ್ಟರಿಗೇ ಬಂದು ಜಾಲಾಡ್ತಾರೆ, ಫೇಲ್ ಕೂಡ ಮಾಡ್ತಾರೆ. ಟಿವಿಎಸ್ ಮೋಟಾರ್‌ಗೆ 2002ರಲ್ಲಿ ಅದು ಬಂದಿದ್ದು ಪ್ಯಾಕೇಜ್ ತಗೊಂಡು ಅಲ್ಲ. ಹಾಗಂತ ದೊಡ್ಡ ಹೆಸರಿನ ಪ್ರಶಸ್ತಿ ಎಲ್ಲ ಅಪರಂಜಿ ಅಂತನೂ ಅಲ್ಲ ಬಿಡಿ. ಹೈದರಾಬಾದಿನ ಐಟಿ ಕಂಪನಿ ಸತ್ಯಂ ಕಂಪ್ಯೂಟರ್ಸ್ ನೆನಪಿದ್ಯಾ, 2008ರ ಸೆಪ್ಟೆಂಬರಲ್ಲಿ ಕಾರ್ಪೊರೇಟ್ ಆಡಳಿತ ಚೆನ್ನಾಗಿದೆ ಅಂತ ಗೋಲ್ಡನ್ ಪೀಕಾಕ್ ಅವಾರ್ಡ್ ಕೊಟ್ರು, 2009ರ ಜನವರಿ 7ಕ್ಕೆ ಕಂಪನಿ ಚೇರ್ಮನ್ ರಾಮಲಿಂಗ ರಾಜು ತಾನೇ ಪತ್ರ ಬರೆದು ಲೆಕ್ಕ ಎಲ್ಲ ಸುಳ್ಳು ಅಂದ್ರು, ಸುಮಾರು 7,000 ಕೋಟಿ ಮೋಸ. ಅವಾರ್ಡ್ ವಾಪಸ್ ತಗೊಂಡ್ರು, ಷೇರು ತಗೊಂಡಿದ್ದೋರ ದುಡ್ಡು ಯಾರು ವಾಪಸ್ ಕೊಡ್ತಾರೆ? ಅಮೆರಿಕದ ಇಂಧನ ಕಂಪನಿ ಎನ್ರಾನ್ ಕಥೆನೂ ಅದೇ, ಫಾರ್ಚೂನ್ ಪತ್ರಿಕೆ ಸತತ ಆರು ವರ್ಷ ಅತ್ಯಂತ ಇನ್ನೋವೇಟಿವ್ ಕಂಪನಿ ಅಂತ ಹೊಗಳಿದ್ದೇ ಹೊಗಳಿದ್ದು, 2001ರ ಡಿಸೆಂಬರಲ್ಲಿ ದಿವಾಳಿ.

ಇನ್ನು ಸೂಪರ್‌ಮಾರ್ಕೆಟ್ ಕಥೆ. ಭಾವ ಟ್ರೋಫಿ ಫೋಟೋ ತೋರಿಸಿದ್ದಕ್ಕೆ ಪರ್ಚೇಸ್ ಮ್ಯಾನೇಜರ್ ನೋಡ್ಲೂ ಇಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್, ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬ್ ರಿಪೋರ್ಟ್, ಅದ್ರಲ್ಲಿ ತೇವಾಂಶ ಎಷ್ಟು, ಫ್ರೀ ಫ್ಯಾಟಿ ಆಸಿಡ್ (ಎಣ್ಣೆ ಕೆಟ್ಟಿದ್ಯಾ ಅಂತ ತೋರಿಸೋ ಅಂಶ) ಎಷ್ಟು, ಎಷ್ಟು ದಿನದ ಕ್ರೆಡಿಟ್ ಕೊಡ್ತೀರಿ, ಇಷ್ಟೇ ಕೇಳಿದ್ದು. ಅರವತ್ತು ಸಾವಿರದಲ್ಲಿ ಎಷ್ಟು ಬ್ಯಾಚ್ ಟೆಸ್ಟ್ ಮಾಡಿಸಬಹುದಿತ್ತು ಅಂತ ನೀವೇ ಲೆಕ್ಕ ಹಾಕಿ.

ನಿಮಗೆ ಫೋನ್ ಬಂದ್ರೆ ಆ ಕಂಪನಿ ಜಿಎಸ್‌ಟಿ ನಂಬರ್ ಇಸ್ಕೊಂಡು ಜಿಎಸ್‌ಟಿ ಪೋರ್ಟಲಲ್ಲಿ ಹಾಕಿ ನೋಡಿ, ಫ್ರೀನೇ, ರಿಜಿಸ್ಟರ್ ಆಗಿದ್ದು ಯಾವಾಗ ಅಂತ ಬರುತ್ತೆ, "ಹತ್ತನೇ ವರ್ಷದ ಸಮಾರಂಭ" ಅಂತಿರೋರ ರಿಜಿಸ್ಟ್ರೇಷನ್ ಹೋದ ವರ್ಷದ್ದು ಆಗಿದ್ರೆ ಅಲ್ಲಿಗೆ ಬಿಡಿ. ಕಳೆದ ಸಲ ನಾಮಿನೇಟ್ ಆಗಿ ಸೋತೋರು ಯಾರು ಅಂತ ಒಂದು ಹೆಸರು ಕೇಳಿ. ಈಗಾಗ್ಲೇ ಕಟ್ಟಿ ಸಿಕ್ಕಾಕ್ಕೊಂಡಿದ್ರೆ 1915 ಗ್ರಾಹಕ ಸಹಾಯವಾಣಿ, ವಾಟ್ಸಾಪ್ ಮೆಸೇಜು ಕಾಲ್ ರೆಕಾರ್ಡಿಂಗ್ ಏನಿದ್ರೂ ಡಿಲೀಟ್ ಮಾಡ್ಬೇಡಿ.

ಒಂದು ಸಲ ಕಟ್ಟಿದ್ಮೇಲೆ ನಂಬರ್ ಎಲ್ಲೆಲ್ಲೋ ಹೋಗಿರುತ್ತೆ. ಈಗ ಭಾವನಿಗೆ ದುಬೈ ಅವಾರ್ಡು, ಗೌರವ ಡಾಕ್ಟರೇಟು ಅಂತ ಫೋನ್ ಮೇಲೆ ಫೋನು. 1956ರ ಯುಜಿಸಿ ಕಾಯ್ದೆ ಪ್ರಕಾರ ಕಾನೂನು ಮೂಲಕ ಆದ ಯೂನಿವರ್ಸಿಟಿ, ಡೀಮ್ಡ್ ಯೂನಿವರ್ಸಿಟಿ, ಇಲ್ಲಾ ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆ ಬಿಟ್ರೆ ಬೇರೆ ಯಾರೂ ಡಿಗ್ರಿ ಕೊಡೋ ಹಂಗಿಲ್ಲ, ಅದನ್ನೂ ಪ್ಯಾಕೇಜ್ ಮಾಡಿ ಮಾರ್ತಿದಾರೆ, ಗೌನು ಟೋಪಿ ಬಾಡಿಗೆ ಸೇರಿಸಿ. ಫೋನ್ ಈಗ ನಾನೇ ಎತ್ತೋದು. ಇನ್‌ವಾಯ್ಸಲ್ಲಿ "ಅವಾರ್ಡ್ ಫೀ" ಅಂತ ಬರೆದು ಕಳಿಸಿ, ಕಟ್ತೀವಿ ಅಂತೀನಿ. ಮೇಲ್ ಐಡಿ ಇಸ್ಕೊಳ್ತಾರೆ, ಒಬ್ರೂ ಕಳಿಸಿಲ್ಲ.