ಕನ್ನಡ ಪದಗಳ ಅಕಾರಾದಿ: ಪೈಥಾನ್‌ನಲ್ಲಿ ಯಾವ ದಾರಿ?

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕನ್ನಡ ಪದಪಟ್ಟಿ ಜೋಡಿಸಲು ‘ಸಾರ್ಟೆಡ್’, ‘ಲೊಕೇಲ್’, ‘ಪೈಐಸಿಯು’ ಈ ಮೂರರಲ್ಲಿ ಯಾವುದು ವಾಸಿ ಅಂತ ಕೇಳಿದ್ದೀರಿ. ಮೊದಲು ‘ಕಳೆ’, ‘ಕವಿ’ ಎರಡೇ ಪದ ಹಾಕಿ ನೋಡಿ. ಪೈಥಾನ್ ಒಳಗೇ ಇರುವ, ಪಟ್ಟಿ ಜೋಡಿಸುವ ‘ಸಾರ್ಟೆಡ್’ ಆದೇಶವನ್ನು ಸುಮ್ನೆ ಕೊಟ್ಟರೆ ಕಳೆ ಮುಂದೆ ಬರುತ್ತದೆ. ಅದು ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಕ್ರಮವನ್ನೇ ನೋಡುತ್ತದೆ, ಅಲ್ಲಿ ‘ಳ’ಕಾರದ ಸಂಖ್ಯೆ ‘ವ’ಕಾರಕ್ಕಿಂತ ಚಿಕ್ಕದು. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಗೆ, ಅಲ್ವಾ? ಹಾಗಾಗಿ ಕವಿಯೇ ಮುಂದೆ ಬರಬೇಕು. ಓದುಗರಿಗೆ ಕಾಣದ ಪಟ್ಟಿಗಾದರೆ ‘ಸಾರ್ಟೆಡ್’ ಸಾಕು, ವೇಗವೂ ಜಾಸ್ತಿ.

ಭಾಷೆಗೆ ತಕ್ಕ ಕ್ರಮದಲ್ಲಿ ಜೋಡಿಸುವ ‘ಲೊಕೇಲ್’ ಮಾಡ್ಯೂಲ್ (ಸಿದ್ಧ ಕೋಡ್) ಪೈಥಾನ್ ಜೊತೆಗೇ ಬರುತ್ತದೆ. ಆದರೆ ಯಂತ್ರದಲ್ಲಿ ಕನ್ನಡ ಲೊಕೇಲ್, ಅಂದರೆ ಕನ್ನಡದ ಭಾಷಾ ನಿಯಮಗಳ ಕಡತ ಇರಬೇಕು, ಇಲ್ಲದಿದ್ದರೆ ಸಾಮಾನ್ಯವಾಗಿ ಎರರ್. ಉಬುಂಟು ಲಿನಕ್ಸ್ ಯಂತ್ರದಲ್ಲಿ ಅದನ್ನು ಹಾಕಿಕೊಂಡರೆ ಕವಿ ಮುಂದೆ. ಅದೇ ಕೋಡ್ ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ಇರುವ ಕಂಟೇನರ್‌ಗೆ (ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಪೊಟ್ಟಣಕ್ಕೆ) ಹೋದರೆ ಎರರೂ ಇಲ್ಲದೆ ಮತ್ತೆ ಕಳೆ! ಒಂದೇ ಯಂತ್ರದ ಚಿಕ್ಕ ಸ್ಕ್ರಿಪ್ಟ್‌ಗೆ ಇದು ಒಳ್ಳೆಯದು.

‘ಪೈಐಸಿಯು’ ಬೇರೆಯಾಗಿ ಹಾಕಿಕೊಳ್ಳಬೇಕಾದ ಹೊರಗಿನ ಲೈಬ್ರರಿ, ಇನ್‌ಸ್ಟಾಲ್ ಸ್ವಲ್ಪ ತಲೆನೋವು. ಆದರೆ ಯಂತ್ರದ ಲೊಕೇಲ್‌ನ ಹಂಗಿಲ್ಲ. ನಿಘಂಟಿನ ಆ್ಯಪ್, ಹಲವು ಸರ್ವರ್ ಇದ್ದರೆ ನಾನು ಇದನ್ನೇ ಹಿಡಿಯುತ್ತೇನೆ.